ಮೆಟಬಾಲಿಕ್ ಬಿಡಲಾ, ಅಪ್ಪರ್ ಲಿಂಬ್ ಬಿಡಲಾ? ಈ ಲೆಕ್ಕದಲ್ಲಿ ನನ್ನ ಮಾವನ ಭುಜ ಹೋಯಿತು

ಆರ್ಥೋ (ಮೂಳೆ-ಕೀಲು) ಪರೀಕ್ಷೆ ಹತ್ತಿರ ಬಂತು, ಮೆಟಬಾಲಿಕ್ ಡಿಸಾರ್ಡರ್ಸ್ (ಸಕ್ಕರೆ, ಕ್ಯಾಲ್ಶಿಯಂ ಥರದ್ದರ ಏರುಪೇರಿನ ಕಾಯಿಲೆಗಳು) ಮತ್ತು ಅಪ್ಪರ್ ಲಿಂಬ್ ಇಂಜುರೀಸ್ (ಭುಜದಿಂದ ಬೆರಳಿನ ತನಕದ ಪೆಟ್ಟು, ಮುರಿತಗಳು) ಎರಡೂ ಬಾಕಿ ಇವೆ, ಯಾವುದನ್ನು ಬಿಟ್ಟರೆ ನಷ್ಟ ಕಡಿಮೆ ಅಂತ ಕೇಳಿದ್ದೀರಿ. ಮೈಸೂರಿನ ಹಾಸ್ಟೆಲ್ ರೂಮಿನಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ. ಮೆಟಬಾಲಿಕ್ ಓದಿದೆ, ಅಪ್ಪರ್ ಲಿಂಬ್ ಮುಂದಕ್ಕೆ ಹಾಕಿದೆ. ಡಯಾಬಿಟಿಸ್, ಕ್ಯಾಲ್ಶಿಯಂ, ರಿಕೆಟ್ಸ್ (ಮಕ್ಕಳ ಮೂಳೆ ಮೆತ್ತಗಾಗುವ ಕಾಯಿಲೆ) ಓದಿದರೆ ಮೆಡಿಸಿನ್‌ಗೂ ಆಗುತ್ತೆ, ಪೀಡಿಯಾಟ್ರಿಕ್ಸ್‌ಗೂ ಆಗುತ್ತೆ. ಮುರಿತದ ಹೆಸರುಗಳನ್ನು ಕೊನೇ ವಾರ ಬಾಯಿಪಾಠ ಮಾಡಿದರಾಯಿತು ಅಂದುಕೊಂಡಿದ್ದೆ. ಪರೀಕ್ಷೆಯಲ್ಲಿ ಅದರಿಂದ ನನಗೇನೂ ಆಗಲಿಲ್ಲ, ಪಾಸಾದೆ. ಆಗಿದ್ದು ನನ್ನ ಸೋದರಮಾವನಿಗೆ.

ಮಾವ ಪಾಂಡವಪುರದ ಕಡೆಯವರು. ವಿ.ಸಿ. ನಾಲೆಯ ನೀರು, ಸುತ್ತ ಕಬ್ಬು, ಊರ ಹೊರಗೆ ಆಲೆಮನೆ. ಆಲೆಮನೆಯಲ್ಲಿ ಅವರದು ಹದ ನೋಡುವ ಕೆಲಸ. ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದ್ದು ಪಾಕಕ್ಕೆ ಬರುವ ಹೊತ್ತಿಗೆ ಉದ್ದ ಹಿಡಿಯ ಹಲಗೆಯಲ್ಲಿ ತಿರುವುತ್ತಾ ನಿಂತು, ಯಾವಾಗ ಇಳಿಸಬೇಕು ಅಂತ ಹೇಳಬೇಕು. ಸ್ವಲ್ಪ ಮುಂಚೆ ಇಳಿಸಿದರೆ ಬೆಲ್ಲ ಅಚ್ಚಿನಲ್ಲಿ ಗಟ್ಟಿಯಾಗಲ್ಲ, ತಡವಾದರೆ ಸೀದು ಕಪ್ಪಾಗುತ್ತೆ. ಆ ಕೆಲಸಕ್ಕೆ ಬಲಗೈ ಆಚೆಗೂ ಈಚೆಗೂ ಸಲೀಸಾಗಿ ತಿರುಗಬೇಕು. ವಯಸ್ಸು 60 ದಾಟಿತ್ತು. ಸಕ್ಕರೆ ಕಾಯಿಲೆ ಹಳೆಯದು, ಬಹಳ ವರ್ಷದಿಂದ ರಕ್ತದ ಸಕ್ಕರೆ ಇಳಿಸುವ ಅದೇ ಗ್ಲಿಬೆನ್‌ಕ್ಲಾಮೈಡ್ ಮಾತ್ರೆ, ಬೆಳಿಗ್ಗೆ ಒಂದು, ರಾತ್ರಿ ಒಂದು.

ಶನಿವಾರ ಅವರದು ಒಪ್ಪೊತ್ತು. ಮಧ್ಯಾಹ್ನ ಒಂದೇ ಊಟ. ಊಟ ಬಿಟ್ಟರೂ ಮಾತ್ರೆ ಬಿಡುತ್ತಿರಲಿಲ್ಲ, ಡಾಕ್ಟರು ಒಂದು ದಿನವೂ ತಪ್ಪಿಸಬೇಡಿ ಅಂದಿದ್ದಾರೆ ಅಂತ. ಅಂಥ ಒಂದು ಶನಿವಾರ ರಾತ್ರಿ ಮಾತ್ರೆ ನುಂಗಿ, ತಡವಾಗೋ ತನಕ ಕೊಪ್ಪರಿಗೆ ಮುಂದೆ ನಿಂತು ಬಂದು ಮಲಗಿದ್ದಾರೆ. ಬೆಳಗಿನ ಜಾವ ಫಿಟ್ಸ್. ಅತ್ತೆ ಫೋನಿನಲ್ಲಿ ಹೇಳಿದ್ದು ನನಗೆ ಅಕ್ಷರಕ್ಕಕ್ಷರ ನೆನಪಿದೆ: "ಮೈಯೆಲ್ಲ ನೀರ್ ಬಿಟ್ಟಂಗೆ ಬೆವೆತೋಗಿತ್ತು ಕಣವ್ವ. ಹಲ್ ಕಚ್ಕಂಡು ಕೈಕಾಲ್ ಸೆಟೆದ್ಕಂಡ್ರು. ಪಕ್ಕದ ಮನೆಯವ್ರು ಬಂದು ಬೀಗದ ಕೈ ಹಿಡಿಸುದ್ರು. ಆಮೇಲೆ ಸಲ್ಪ ಕಣ್ಬುಟ್ರು, ಬೆಲ್ಲದ್ ನೀರ್ ಕುಡಿಸ್ದೆ. ಅದ್ ಒಳಕ್ಕೋದ್ಮೇಲೆ ಎದ್ ಕೂತ್ಕಂಡು ಏನಾಯ್ತು ಅಂತ ನನ್ನೇ ಕೇಳುದ್ರು."

ಈ ಮಾತನ್ನು ಇನ್ನೊಂದು ಸಲ ಓದಿ. ಬೆವರು, ಫಿಟ್ಸ್, ಬೆಲ್ಲದ ನೀರಿಗೆ ಚೇತರಿಕೆ. ರಕ್ತದ ಸಕ್ಕರೆ ತೀರಾ ಇಳಿದಿದೆ ಅಂತ ಖಚಿತಪಡಿಸೋಕೆ ವಿಪ್ಪಲ್ ಟ್ರಯಾಡ್ ಅಂತ ನಾವು ಓದುವ ಮೂರು ಅಂಶಗಳಲ್ಲಿ ಎರಡನ್ನು ಅತ್ತೆ ಹೇಳಿಬಿಟ್ಟಿದ್ದರು. ಅಳೆದು ನೋಡಿದ ಕಡಿಮೆ ಗ್ಲುಕೋಸ್ ಒಂದೇ ಬಾಕಿ ಇದ್ದಿದ್ದು, ಅದಕ್ಕೆ ಮನೆಯಲ್ಲಿ ಗ್ಲುಕೋಮೀಟರ್ ಇರಲಿಲ್ಲ. ಪೂರ್ತಿ ಎಚ್ಚರ ಇಲ್ಲದವರ ಬಾಯಿಗೆ ಏನೂ ಹಾಕಬಾರದು, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅತ್ತೆ ಅವರು ಕಣ್ಣು ಬಿಟ್ಟು ನುಂಗುವಂತಾದ ಮೇಲೆ ಕುಡಿಸಿದ್ದರು, ಒಳ್ಳೆಯದಾಯಿತು.

ಅವತ್ತೇ ಬಲ ಭುಜ ನೋವು ಶುರುವಾಯಿತು. ಮಂಚದಿಂದ ಬಿದ್ದಿರಬೇಕು ಅಂದುಕೊಂಡರು. ತಾಲೂಕು ಕೇಂದ್ರದಲ್ಲಿ ಎಕ್ಸ್‌ರೇ ತೆಗೆಸಿ ನನಗೆ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿದರು. ಒಂದೇ ಫಿಲ್ಮ್, ಎದುರಿನಿಂದ ತೆಗೆದ ಎಪಿ ವ್ಯೂ. ಮುರಿತ ಕಾಣಲಿಲ್ಲ. ಗುಂಡು ಗುಂಡಾದ ಹ್ಯೂಮರಸ್ ತಲೆ (ತೋಳಿನ ಮೂಳೆಯ ಮೇಲ್ತುದಿ), ಅದರ ಪಕ್ಕದಲ್ಲಿ ಅದು ಕೂರುವ ಬಟ್ಟಲು, ಗ್ಲೀನಾಯ್ಡ್. "ಏನೂ ಆಗಿಲ್ಲ ಮಾವ" ಅಂದೆ.

ಮುಂದಿನ ಭಾನುವಾರ ಊರಿಗೆ ಹೋದೆ. ಮಾವ ಜಗಲಿ ಮೇಲೆ ಕೂತಿದ್ದರು, ಮುಂಗೈ ಹೊಟ್ಟೆಗೆ ಅಂಟಿಕೊಂಡಿತ್ತು. "ರೆಟ್ಟೆ ಹಿಡ್ಕಂಡದೆ ಕಣವ್ವ, ಒಂದಿಷ್ಟೂ ಆಚಿಕ್ ತಿರುಗಲ್ಲ" ಅಂದರು. ಪುಸ್ತಕದಲ್ಲಿ ಓದಿದ ಹಾಗೇ ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು ಮುಂಗೈಯನ್ನು ಹೊರಕ್ಕೆ ತಿರುಗಿಸಿ ನೋಡಿದೆ. ಕದಲಲಿಲ್ಲ. ಎಕ್ಸ್‌ಟರ್ನಲ್ ರೊಟೇಶನ್ ಇಲ್ಲ, ಸಕ್ಕರೆ ಕಾಯಿಲೆ ಇದೆ, ಎಕ್ಸ್‌ರೇ ನಾರ್ಮಲ್. ಮೆಟಬಾಲಿಕ್ ಚಾಪ್ಟರ್ ಆಗಷ್ಟೇ ಮುಗಿಸಿದ್ದೆ. ಡಯಾಬಿಟಿಸ್ ಇರುವವರಲ್ಲಿ ನೂರಕ್ಕೆ 10ರಿಂದ 20 ಜನರಿಗೆ ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವ ಕಾಯಿಲೆ) ಬರುತ್ತೆ, ಉಳಿದವರಲ್ಲಿ ಅದು 2ರಿಂದ 5 ಅಂತ ಅಂಕಿ ಸಮೇತ ತಲೆಯಲ್ಲಿತ್ತು. ಫ್ರೋಜನ್ ಶೋಲ್ಡರ್ ಅಂದೆ. ಗೋಡೆ ಮೇಲೆ ಬೆರಳು ಹತ್ತಿಸುವ ವ್ಯಾಯಾಮ ಹೇಳಿಕೊಟ್ಟು, ನೋವಾದರೂ ಬಿಡಬೇಡಿ ಅಂದೆ. ಮಂಡ್ಯದ ಆರ್ಥೋ ಡಾಕ್ಟರ ಹತ್ತಿರ ಹೋಗೋಣ ಅಂತ ಅತ್ತೆ ಅಂದಾಗ ಮಾವ "ಮನೆ ಮಗಳೇ ನೋಡಾಯ್ತಲ್ಲ" ಅಂದರು. ನಾನು ಸುಮ್ಮನಿದ್ದೆ.

ಇಲ್ಲಿ ನಾನು ಮಾಡಿದ ತಪ್ಪನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ನೀವೂ ಇದನ್ನೇ ಮಾಡುವ ದಾರಿಯಲ್ಲಿದ್ದೀರಿ. ಒಂದೇ ಎಪಿ ಫಿಲ್ಮ್ ನೋಡಿ ಭುಜವನ್ನು ನಾರ್ಮಲ್ ಅಂದೆ. ಮಾವನಿಗೆ ಆಗಿದ್ದು ಪೋಸ್ಟೀರಿಯರ್ ಡಿಸ್‌ಲೊಕೇಶನ್, ಭುಜದ ಗುಂಡು ಹಿಂದಕ್ಕೆ ಜಾರಿ ಸಿಕ್ಕಿಕೊಂಡಿತ್ತು. ಎದುರಿಗೆ ನಿಂತವರು ನೇರವಾಗಿ ಒಂದು ಹೆಜ್ಜೆ ಹಿಂದಕ್ಕೆ ಸರಿದರೆ ಎದುರಿನಿಂದ ತೆಗೆದ ಫೋಟೊದಲ್ಲಿ ಅದು ಗೊತ್ತಾಗುತ್ತಾ? ಎಪಿ ವ್ಯೂನಲ್ಲಿ ಆಗುವುದೂ ಅಷ್ಟೇ. ಆಂಟೀರಿಯರ್ ಡಿಸ್‌ಲೊಕೇಶನ್‌ನಲ್ಲಿ ತಲೆ ಮುಂದಕ್ಕೆ ಹೋಗುವುದರ ಜೊತೆಗೆ ಕೆಳಕ್ಕೂ ಒಳಕ್ಕೂ ಇಳಿಯುತ್ತೆ, ಆದ್ದರಿಂದ ಯಾರಿಗಾದರೂ ಕಾಣುತ್ತೆ. ಹಿಂದಕ್ಕೆ ಜಾರಿದ ತಲೆ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಉಳಿಯುತ್ತೆ. ಬದಲಾಗುವುದು ಸಣ್ಣ ಸಣ್ಣ ಗುರುತುಗಳು. ಹ್ಯೂಮರಸ್ ಒಳಕ್ಕೆ ತಿರುಗಿರುವುದರಿಂದ ಗ್ರೇಟರ್ ಟ್ಯೂಬರಾಸಿಟಿಯ ಉಬ್ಬು ಅಂಚಿನಲ್ಲಿ ಕಾಣಲ್ಲ, ತಲೆ ಗುಂಡಗೆ ಕಾಣುತ್ತೆ. ಲೈಟ್ ಬಲ್ಬ್ ಸೈನ್ ಅನ್ನುವುದು ಅದನ್ನೇ. ತಲೆಗೂ ಗ್ಲೀನಾಯ್ಡ್‌ನ ಮುಂದಿನ ಅಂಚಿಗೂ ನಡುವಿನ ಜಾಗ 6 ಮಿಲಿಮೀಟರ್‌ಗಿಂತ ಹೆಚ್ಚಿದ್ದರೆ ರಿಮ್ ಸೈನ್. ಅವೆರಡೂ ಒಂದರ ಮೇಲೊಂದು ಬಿದ್ದು ಕಾಣಬೇಕಾದ ಅರ್ಧಚಂದ್ರದ ನೆರಳು ಇಲ್ಲವಾಗಿರುತ್ತೆ. ನಾನು "ಗುಂಡು ಗುಂಡಾಗಿದೆ, ಚೆನ್ನಾಗಿದೆ" ಅಂದುಕೊಂಡಿದ್ದೆನಲ್ಲ, ಆ ಗುಂಡೇ ರೋಗದ ಗುರುತು.

ಇನ್ನೊಂದು ವ್ಯೂ ಕೇಳಿದ್ದರೆ ಮುಗಿಯುತ್ತಿತ್ತು. ಕಂಕುಳಿನ ಮೂಲಕ ತೆಗೆಯುವ ಆಕ್ಸಿಲರಿ ವ್ಯೂನಲ್ಲಿ ತಲೆ ಯಾವ ಕಡೆ ಜಾರಿದೆ ಅನ್ನುವುದು ಕಣ್ಣಿಗೆ ಹೊಡೆಯುತ್ತೆ. ಅದಕ್ಕೆ ತೋಳು ಸ್ವಲ್ಪ ಪಕ್ಕಕ್ಕೆ ಎತ್ತಬೇಕು, ನೋವಿನಲ್ಲಿ ಎತ್ತೋಕಾಗಲ್ಲ ಅಂದರೆ ಹೆಗಲೆಲುಬನ್ನು ಪಕ್ಕದಿಂದ ತೋರಿಸುವ ಸ್ಕ್ಯಾಪುಲರ್ ವೈ ವ್ಯೂ ಇದೆ. ಕೈ ಜೋಳಿಗೆಯಲ್ಲಿದ್ದ ಹಾಗೇ ರೋಗಿಯನ್ನು ಹಿಂದಕ್ಕೆ ಬಾಗಿಸಿ ಮೇಲಿನಿಂದ ತೆಗೆಯುವ ವೆಲ್ಪೋ ವ್ಯೂ ಕೂಡ ಇದೆ. ದುಬಾರಿ ಯಂತ್ರ ಯಾವುದೂ ಬೇಡ. ಕೇಳಬೇಕು ಅಂತ ಗೊತ್ತಿರಬೇಕು ಅಷ್ಟೇ, ನನಗೆ ಗೊತ್ತಿರಲಿಲ್ಲ. ಆ ಪುಟ ನಾನು ಬಿಟ್ಟ ಚಾಪ್ಟರ್‌ನಲ್ಲಿತ್ತು.

ಫಿಲ್ಮ್ ಇಲ್ಲದೆಯೂ ಗೊತ್ತಾಗಬಹುದಿತ್ತು. ಫ್ರೋಜನ್ ಶೋಲ್ಡರ್ ವಾರಗಟ್ಟಲೆ, ತಿಂಗಳುಗಟ್ಟಲೆ ಮೆಲ್ಲಗೆ ಕೂರುವ ಕಾಯಿಲೆ. ಹಿಂದಿನ ರಾತ್ರಿ ಕೊಪ್ಪರಿಗೆ ತಿರುವಿದ ತೋಳು ಬೆಳಗಾಗುವುದರಲ್ಲಿ ಹಾಗೆ ಬೀಗ ಬೀಳಲ್ಲ. ಅಂಗಿ ಬಿಚ್ಚಿಸಿ ಎರಡು ಭುಜವನ್ನೂ ಮೇಲಿನಿಂದ ನೋಡಿದ್ದರೆ ಬಲಗಡೆ ಮುಂಭಾಗ ಚಪ್ಪಟೆಯಾಗಿ, ಹೆಗಲೆಲುಬಿನ ಮುಂದಿನ ಕೊಕ್ಕೆಯಂಥ ಕೊರಕಾಯ್ಡ್ ಎದ್ದು, ಹಿಂದೆ ತುಂಬಿಕೊಂಡಿರುವುದು ಕಾಣುತ್ತಿತ್ತು. ದೇವಸ್ಥಾನದಲ್ಲಿ ಕೈ ಮುಂದಕ್ಕೆ ಚಾಚಿ ಅಂಗೈ ಮೇಲೆ ಮಾಡೋಕೆ ಆಗದೆ ಮಾವ ಎಡಗೈಯಲ್ಲಿ ತೀರ್ಥ ತಗೊಂಡರು ಅಂತ ಅತ್ತೆ ಬೇಜಾರು ಮಾಡಿಕೊಂಡಿದ್ದರು. ಅದೂ ಈ ಡಿಸ್‌ಲೊಕೇಶನ್‌ನ ಲಕ್ಷಣ. ಭುಜ ಹೊರಕ್ಕೆ ತಿರುಗದೆ, ಚಾಚಿದ ತೋಳಿನಲ್ಲಿ ಅಂಗೈ ಪೂರ್ತಿ ಮೇಲಾಗಲ್ಲ.

ತಿಂಗಳ ಮೇಲಾಯಿತು. ಅಪ್ಪರ್ ಲಿಂಬ್ ಚಾಪ್ಟರ್ ಕೊನೆಗೂ ತೆಗೆದೆ. ಭುಜದ ಡಿಸ್‌ಲೊಕೇಶನ್‌ಗಳಲ್ಲಿ ಪೋಸ್ಟೀರಿಯರ್ ಬರೀ 2ರಿಂದ 4 ಪರ್ಸೆಂಟ್ ಅನ್ನೋ ಸಾಲನ್ನು ದಾಟಿ ಕಾರಣಗಳಿಗೆ ಬಂದೆ: ಫಿಟ್ಸ್, ಕರೆಂಟ್ ಶಾಕ್. ಫಿಟ್ಸ್‌ನಲ್ಲಿ ಎಲ್ಲ ಸ್ನಾಯುಗಳೂ ಒಟ್ಟಿಗೆ ಬಿಗಿಯುತ್ತವೆ. ಒಳಕ್ಕೆ ತಿರುಗಿಸುವ ಪೆಕ್ಟೊರಾಲಿಸ್ ಮೇಜರ್, ಲ್ಯಾಟಿಸ್ಸಿಮಸ್ ಡಾರ್ಸೈ, ಸಬ್‌ಸ್ಕ್ಯಾಪುಲಾರಿಸ್ ಬಲವಾದವು. ಹೊರಕ್ಕೆ ತಿರುಗಿಸುವ ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್ ಅವುಗಳ ಮುಂದೆ ನಿಲ್ಲಲ್ಲ. ತಲೆ ಹಿಂದಕ್ಕೆ ಜಾರುತ್ತೆ. ಮೊದಲ ತಪಾಸಣೆಯಲ್ಲಿ ಅರ್ಧದಷ್ಟು ತಪ್ಪಿಹೋಗುತ್ತವೆ ಅಂತಲೂ ಇತ್ತು. ಎಕ್ಸ್‌ರೇ ಹುಟ್ಟುವ ಮುಂಚೆ, 1839ರಲ್ಲೇ, ಲಂಡನ್ನಿನ ಆಸ್ಟ್ಲಿ ಕೂಪರ್ ಮೂರ್ಛೆರೋಗಿಯೊಬ್ಬನ ಭುಜದಲ್ಲಿ ಇದನ್ನು ವಿವರಿಸಿದ್ದಾರೆ, ಬರೀ ಕಣ್ಣು ಕೈ ಇಟ್ಟುಕೊಂಡು. ಅದನ್ನು ಓದಿದಾಗ ರಾತ್ರಿ ಬಹಳ ಹೊತ್ತಾಗಿತ್ತು. ಆಗಲೇ ಮನೆಗೆ ಫೋನ್ ಮಾಡಿದೆ.

ಮೈಸೂರಿಗೆ ಕರೆಸಿಕೊಂಡು ಸಿಟಿ ಸ್ಕ್ಯಾನ್ ಮಾಡಿಸಿದಾಗ ಗ್ಲೀನಾಯ್ಡ್‌ನ ಅಂಚು ಒತ್ತಿ ಒತ್ತಿ ತಲೆಯ ಮುಂಭಾಗದಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಹಳ್ಳ ಬಿದ್ದಿತ್ತು. ರಿವರ್ಸ್ ಹಿಲ್-ಸ್ಯಾಕ್ಸ್ ಅನ್ನುವುದು ಇದಕ್ಕೇ. ಮೂರು ವಾರದ ಒಳಗೆ ಬಂದು, ಹಳ್ಳ ಕಾಲು ಭಾಗಕ್ಕಿಂತ ಚಿಕ್ಕದಿದ್ದರೆ ಸಾಮಾನ್ಯವಾಗಿ ಅರಿವಳಿಕೆ ಕೊಟ್ಟು ಕೂರಿಸಿಬಿಡಬಹುದು. ಅದು ದಾಟಿತ್ತು. ಭುಜ ತೆರೆದು, ಸಬ್‌ಸ್ಕ್ಯಾಪುಲಾರಿಸ್ ಟೆಂಡನ್ನನ್ನು ಆ ಹಳ್ಳಕ್ಕೆ ಹೊಲಿಯುವ ಆಪರೇಷನ್ ಆಯಿತು, ಮೆಕ್‌ಲಾಫ್ಲಿನ್ 1952ರಲ್ಲಿ ಹೇಳಿದ್ದು. ನಾನು ಹೇಳಿಕೊಟ್ಟ ವ್ಯಾಯಾಮ ಆ ಹಳ್ಳವನ್ನು ಎಷ್ಟು ದೊಡ್ಡದು ಮಾಡಿತೋ ಯಾರೂ ನನ್ನ ಮುಂದೆ ಹೇಳಲಿಲ್ಲ.

ಫಿಟ್ಸ್ ಯಾಕೆ ಬಂತು ಅಂತ ಕೇಳಿದ್ದು ಅಲ್ಲಿನ ಫಿಜಿಶಿಯನ್. ಆ ವಯಸ್ಸಿನಲ್ಲಿ ಮೊದಲ ಸಲ ಫಿಟ್ಸ್ ಅಂದರೆ ತಲೆಯ ಸ್ಕ್ಯಾನ್ ಬೇಕೇ ಬೇಕು, ಅದು ಸರಿ ಇತ್ತು. ಕ್ಯಾಲ್ಶಿಯಂ, ಸೋಡಿಯಂ ಸರಿ ಇದ್ದವು. ಕ್ರಿಯಾಟಿನಿನ್ ಹೆಚ್ಚಾಗಿತ್ತು, ಅಂದರೆ ಕಿಡ್ನಿ ಸೋತಿತ್ತು. ಗ್ಲಿಬೆನ್‌ಕ್ಲಾಮೈಡ್ ಮೊದಲೇ ದೀರ್ಘಕಾಲ ಕೆಲಸ ಮಾಡುವ ಮಾತ್ರೆ, ಕಿಡ್ನಿ ಸೋತವರ ಮೈಯಲ್ಲಿ ಇನ್ನೂ ಉಳಿದುಕೊಳ್ಳುತ್ತೆ. ಊಟವಿಲ್ಲದ ಆ ರಾತ್ರಿ ಅದೇ ಸಕ್ಕರೆ ಇಳಿಸಿ ಫಿಟ್ಸ್ ತಂದಿತ್ತು. 60 ದಾಟಿದವರಿಗೆ ಅದು ತಕ್ಕದ್ದಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲೇ ಟಿಪ್ಪಣಿ ಬಂದಿತ್ತು. ಮಾತ್ರೆ ಬದಲಾಯಿತು. ಅತ್ತೆ ಡಾಕ್ಟರ ಮುಂದೆಯೇ ನನ್ನ ಕಡೆ ತಿರುಗಿ, "ಬೆಲ್ಲದ್ ನೀರ್ಗೆ ಎದ್ರು ಅಂತ ಅವತ್ತೇ ಅಂದಿದ್ನಲ್ಲವ್ವ" ಅಂದರು. ಬೈದಿದ್ದಲ್ಲ ಅದು. ಗಾಬರಿಯಲ್ಲಿ ತಾನೇ ಹೇಳೋದು ಮರೆತೆನಾ ಅಂತ ಖಾತ್ರಿ ಮಾಡಿಕೊಳ್ಳುತ್ತಿದ್ದರು. ಮಾವನ ತೋಳು ಈಗ ಮೇಲೇಳುತ್ತೆ, ಹೊರಕ್ಕೆ ಪೂರ್ತಿ ತಿರುಗಲ್ಲ. ಕೊಪ್ಪರಿಗೆ ತಿರುವೋಕಾಗಲ್ಲ ಅಂತ ಹದ ನೋಡುವ ಕೆಲಸ ಬೇರೆಯವರ ಕೈಗೆ ಹೋಯಿತು.

ಆದ್ದರಿಂದ ನಿಮ್ಮ ಪ್ರಶ್ನೆಗೆ "ಇದನ್ನು ಬಿಡಿ" ಅಂತ ಉತ್ತರ ಕೊಡೋಕೆ ನನ್ನಿಂದ ಆಗಲ್ಲ. ಪ್ರಶ್ನೆಯೇ ತಪ್ಪು ಅನ್ನುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಇವೆರಡು ಬೇರೆ ಬೇರೆ ಚಾಪ್ಟರ್ ಆಗಿರುವುದು ಪುಸ್ತಕದಲ್ಲಿ ಮಾತ್ರ. ಮೆಟಬಾಲಿಕ್ ಮಾತ್ರ ಗೊತ್ತಿದ್ದರೆ ನನ್ನ ಹಾಗೆ ಜಾರಿದ ಭುಜಕ್ಕೆ ಸಕ್ಕರೆ ಕಾಯಿಲೆಯ ಹೆಸರು ಇಡುತ್ತೀರಿ. ಅಪ್ಪರ್ ಲಿಂಬ್ ಮಾತ್ರ ಗೊತ್ತಿದ್ದರೆ ಭುಜ ಕೂರಿಸಿ ಮನೆಗೆ ಕಳಿಸುತ್ತೀರಿ, ಮುಂದಿನ ಒಪ್ಪೊತ್ತಿನ ರಾತ್ರಿ ಮತ್ತೆ ಫಿಟ್ಸ್ ಬರುತ್ತೆ.

ಸಮಯ ಕಡಿಮೆ ಇದ್ದರೆ ಎರಡನ್ನೂ ಮಣಿಕಟ್ಟಿನಿಂದ ಶುರು ಮಾಡಿ ಅಂತ ನನ್ನ ಸಲಹೆ. ಮಗುವಿನ ಮಣಿಕಟ್ಟಿನ ಎಕ್ಸ್‌ರೇ ತೆಗೆದುಕೊಳ್ಳಿ, ರೇಡಿಯಸ್ ಅಲ್ನಾ ತುದಿ ಬಟ್ಟಲಿನಂತೆ ಕುಳಿಬಿದ್ದು, ಅಗಲವಾಗಿ, ಅಂಚು ಎಳೆಎಳೆಯಾಗಿದ್ದರೆ ರಿಕೆಟ್ಸ್. ನಮ್ಮ ಕಡೆ "ರಾಗಿ ತಿನ್ನೋರಿಗೆ ಮೂಳೆ ಸವೆಯುತ್ತಾ" ಅಂತ ಕೇಳುತ್ತಾರೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಶಿಯಂ ಇರುವುದು ನಿಜ, ಆದರೆ ವಿಟಮಿನ್ ಡಿ ಇಲ್ಲದೆ ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳಲ್ಲ. ದೊಡ್ಡವರ ಕೈ ಫಿಲ್ಮ್‌ನಲ್ಲಿ ತೋರುಬೆರಳು, ನಡುಬೆರಳಿನ ಮಧ್ಯದ ಎಲುಬು ಹೆಬ್ಬೆರಳಿನ ಕಡೆಯ ಅಂಚಿನಲ್ಲಿ ಕೊರೆದಂತಿದ್ದರೆ ಹೈಪರ್‌ಪ್ಯಾರಾಥೈರಾಯ್ಡಿಸಂ (ಪ್ಯಾರಾಥೈರಾಯ್ಡ್ ಹಾರ್ಮೋನ್ ಅತಿಯಾಗುವುದು). ಬಚ್ಚಲಲ್ಲಿ ಜಾರಿ ಕೈ ಊರಿದ ಅಜ್ಜಿಯ ಮಣಿಕಟ್ಟು ಕಾಲಿಸ್ ಫ್ರ್ಯಾಕ್ಚರ್. ಆ ಅಜ್ಜಿಗೆ ಪ್ಲಾಸ್ಟರ್ ಹಾಕಿದರೆ ಅರ್ಧ ಕೆಲಸ. ಅಷ್ಟು ಸಣ್ಣ ಬೀಳುವಿಕೆಗೆ ಮುರಿದ ಮೂಳೆ ಆಸ್ಟಿಯೊಪೊರೋಸಿಸ್ (ಮೂಳೆ ಸವೆತ) ಇರಬಹುದು ಅಂತ ಹೇಳುತ್ತಿದೆ, ಒಮ್ಮೆ ಹೀಗೆ ಮುರಿದವರಿಗೆ ಮತ್ತೆ ಮುರಿಯುವ ಸಂಭವ ಸುಮಾರು ಎರಡು ಪಟ್ಟು. ಸೊಂಟದ ಮೂಳೆ ಮುರಿಯುವ ಮುಂಚೆ ಮೂಳೆ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್ ಮಾಡಿಸಿ ಔಷಧಿ ಶುರು ಮಾಡಬೇಕು. ಆಸ್ಟಿಯೊಪೊರೋಸಿಸ್‌ನಲ್ಲಿ ಕ್ಯಾಲ್ಶಿಯಂ, ಫಾಸ್ಫೇಟ್, ಆಲ್ಕಲೈನ್ ಫಾಸ್ಫಟೇಸ್ ಮೂರೂ ಸಾಮಾನ್ಯವಾಗಿ ನಾರ್ಮಲ್. ದೊಡ್ಡವರ ಮೂಳೆ ಮೆತ್ತಗಾಗುವ ಆಸ್ಟಿಯೊಮಲೇಶಿಯಾದಲ್ಲಿ ಮೊದಲ ಎರಡು ಇಳಿದು ಮೂರನೆಯದು ಏರುತ್ತೆ. ಆ ಟೇಬಲ್ಲನ್ನು ಟೇಬಲ್ ಆಗಿ ಓದಿದರೆ ಪರೀಕ್ಷೆ ಮುಗಿದ ವಾರಕ್ಕೆ ಮರೆಯುತ್ತೀರಿ, ಅಜ್ಜಿಯ ಕೈ ಹಿಡಿದು ಓದಿದರೆ ಮರೆಯಲ್ಲ.

ಮಕ್ಕಳ ಮೊಣಕೈ ಒಂದನ್ನು ಬೇರೆಯಾಗೇ ಓದಿ. ಮೊಣಕೈಯ ತುಸು ಮೇಲೆ ತೋಳಿನ ಮೂಳೆ ಮುರಿಯುವ ಸುಪ್ರಾಕಾಂಡೈಲರ್ ಫ್ರ್ಯಾಕ್ಚರ್‌ನಲ್ಲಿ ಮೆಟಬಾಲಿಕ್ ಏನೂ ಹುಡುಕಬೇಕಿಲ್ಲ. ನಾಡಿ ನೋಡಿ, ಹೆಬ್ಬೆರಳು ತೋರುಬೆರಳು ಸೇರಿಸಿ ಗುಂಡಗೆ ಮಾಡಿಸಿ ಆಂಟೀರಿಯರ್ ಇಂಟರಾಸಿಯಸ್ ನರ ನೋಡಿ, ಬೆರಳು ನೀಟಿದಾಗ ಮಗು ಕಿರುಚುತ್ತಾ ನೋಡಿ. ಬಿಗಿಯಾಗಿ ನಾಟಿ ಕಟ್ಟು ಕಟ್ಟಿಸಿಕೊಂಡು ಬಂದಿದ್ದರೆ ಮೊದಲು ಅದನ್ನು ಬಿಚ್ಚಿ, ಆಮೇಲೆ ಎಕ್ಸ್‌ರೇ. ವೋಲ್ಕ್‌ಮನ್ ಇಸ್ಕೀಮಿಯಾಕ್ಕೆ (ರಕ್ತ ಸಿಗದೆ ಮುಂಗೈ ಸ್ನಾಯು ಸಾಯುವುದಕ್ಕೆ) ಗಂಟೆಗಳ ಲೆಕ್ಕ.

ಕ್ವೆಶ್ಚನ್ ಬ್ಯಾಂಕ್ ಇನ್ನೊಂದು ಕೊಳ್ಳಬೇಡಿ. ಬೆಳಿಗ್ಗೆ ಆರ್ಥೋ ಓಪಿಡಿಗೆ, ಪ್ಲಾಸ್ಟರ್ ರೂಮಿಗೆ ಹೋಗಿ ನಿಲ್ಲಿ. ಪ್ರತಿ ಕೈಯ ಮುಂದೆ ಹೇಗೆ ಮುರಿಯಿತು ಅಂತ ಕೇಳಿ, ಇವರಿಗೇ ಯಾಕೆ, ಅವತ್ತೇ ಯಾಕೆ ಅಂತಲೂ ಕೇಳಿ. ಜೊತೆಗೆ ಬಂದವರನ್ನು ಮಾತಾಡಿಸಿ, ಫಿಟ್ಸ್ ನೋಡಿದವರು ಅವರೇ ಆಗಿರುತ್ತಾರೆ. ಸಂಜೆ ಬಂದು ಆ ರೋಗಿಗಳ ಪುಟಗಳನ್ನಷ್ಟೇ ಓದಿ, ಎರಡು ಚಾಪ್ಟರ್‌ನ ಮುಕ್ಕಾಲು ಭಾಗ ಹಾಗೇ ಮುಗಿಯುತ್ತೆ. ಪ್ರಾಕ್ಟಿಕಲ್‌ನಲ್ಲಿ ಭುಜದ ಒಂದೇ ಫಿಲ್ಮ್ ಕೊಟ್ಟು ಏನು ಕಾಣುತ್ತೆ ಅಂತ ಕೇಳಿದರೆ, ಕಂಡಿದ್ದನ್ನು ಹೇಳಿ, "ಸರ್, ಆಕ್ಸಿಲರಿ ವ್ಯೂ ನೋಡದೆ ನಾರ್ಮಲ್ ಅನ್ನಲ್ಲ" ಅಂತ ಸೇರಿಸಿ. ಅದಕ್ಕೆ ಅಂಕ ಕಳೆಯುವ ಪರೀಕ್ಷಕರನ್ನು ನಾನಂತೂ ಕಂಡಿಲ್ಲ.